ನೀರಿನೊಳಗೆ ಉಸಿರಾಡಲು ಕಲಿಸಿದವರು: ಜಾಕ್ ಕುಸ್ತೋ

ಮಕ್ಕಳೇ,

ಕುಡಚಿಯ ಹತ್ತಿರ ಕೃಷ್ಣಾ ನದಿಯ ಸೇತುವೆ ದಾಟುವಾಗ ನೀವು ಕೆಳಗೆ ಹರಿಯುವ ನೀರನ್ನು ನೋಡಿರುತ್ತೀರಿ. ಬೇಸಿಗೆಯಲ್ಲಿ ಹೊಳೆ ಶಾಂತವಾಗಿರುತ್ತದೆ. ಮಳೆಗಾಲದಲ್ಲಿ ಅದೇ ಹೊಳೆ ದಡ ಮೀರಿ ಕಬ್ಬಿನ ಗದ್ದೆಗಳಿಗೆ ನುಗ್ಗುತ್ತದೆ. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ರಕ್ಷಣಾ ಪಡೆಯವರು ದೋಣಿಗಳಲ್ಲಿ ಬಂದು ಜನರನ್ನು ಕಾಪಾಡಿದ ಸಂಗತಿಯನ್ನು ಮನೆಯ ಹಿರಿಯರು ನಿಮಗೆ ಹೇಳಿರಬಹುದು. ನಿಮ್ಮಲ್ಲಿ ಹಲವರಿಗೆ ಈಜು ಬರುತ್ತದೆ. ನಮ್ಮ ಕಡೆ ಅದಕ್ಕೆ ಈಸು ಎನ್ನುತ್ತೇವೆ. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಬಾವಿಯಲ್ಲಿ ಅಪ್ಪನಿಂದಲೋ ಕಾಕಾನಿಂದಲೋ ಈಸು ಕಲಿತವರೂ ಇದ್ದೀರಿ.

ಈಜು ಬಲ್ಲವರು ನೀರಿನ ಮೇಲೆ ಬಹಳ ಹೊತ್ತು ಇರಬಲ್ಲರು. ಆದರೆ ನೀರಿನ ಒಳಗೆ? ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ. ಅಷ್ಟರಲ್ಲಿ ಉಸಿರು ಕಟ್ಟಿ ಮೇಲೆ ಬರಲೇಬೇಕು. ಮೀನಿಗೆ ಕಿವಿರುಗಳಿವೆ, ನಮಗಿಲ್ಲ. ಇಂದು ಬೆನ್ನ ಮೇಲೆ ಗಾಳಿಯ ಸಿಲಿಂಡರ್ ಹೊತ್ತು ಮುಕ್ಕಾಲು ಗಂಟೆ ಕಡಲಿನೊಳಗೆ ಸುತ್ತಾಡಿ ಬರುವವರನ್ನು ಟಿ.ವಿ.ಯಲ್ಲಿ ನೀವು ನೋಡಿದ್ದೀರಿ. ಅವರ ಉಪಕರಣಕ್ಕೆ ಸ್ಕೂಬಾ ಎಂದು ಹೆಸರು. ಇದನ್ನು ಸಾಧ್ಯಮಾಡಿದ ಇಬ್ಬರಲ್ಲಿ ಒಬ್ಬರು ಫ್ರಾನ್ಸ್ ದೇಶದ ಜಾಕ್ ಈವ್ ಕುಸ್ತೋ. ಅವರು ಉಪಕರಣವನ್ನು ರೂಪಿಸಿದರು. ಅದನ್ನು ಸುರಕ್ಷಿತವಾಗಿ ಬಳಸುವ ವಿದ್ಯೆಗಾಗಿ ಮಾತ್ರ ಅವರ ತಂಡ ದೊಡ್ಡ ಬೆಲೆ ತೆರಬೇಕಾಯಿತು. ಆ ಕಥೆಯನ್ನು ಈಗ ತಿಳಿಯೋಣ.

ಕಿಟಕಿ ಗಾಜು ಒಡೆದ ಹುಡುಗ

ಜಾಕ್ ಹುಟ್ಟಿದ್ದು 1910ರ ಜೂನ್ 11ರಂದು, ಫ್ರಾನ್ಸಿನ ಸೇಂಟ್ ಆಂದ್ರೆ ದ ಕುಬ್ಜಾಕ್ ಎಂಬ ಊರಿನಲ್ಲಿ. ಚಿಕ್ಕಂದಿನಲ್ಲಿ ಆತ ಬಹಳ ಅಶಕ್ತ. ಆದರೂ ಬೇಗನೆ ಈಜು ಕಲಿತ. ತಂದೆಯ ಕೆಲಸದ ನಿಮಿತ್ತ ಕುಟುಂಬ ಸ್ವಲ್ಪ ಕಾಲ ಅಮೆರಿಕದಲ್ಲಿತ್ತು. ಅಲ್ಲಿಯ ಬೇಸಿಗೆ ಶಿಬಿರವೊಂದರಲ್ಲಿ ಕೆರೆಯ ತಳದಲ್ಲಿ ಬಿದ್ದಿದ್ದ ಮರದ ಟೊಂಗೆಗಳನ್ನು ತೆಗೆಯುವ ಕೆಲಸ ಆತನಿಗೆ ಬಂತು. ಉಸಿರು ಹಿಡಿದು ಮತ್ತೆ ಮತ್ತೆ ಮುಳುಗಿ ಆತ ಟೊಂಗೆಗಳನ್ನು ತೆಗೆದ. ನೀರಿನೊಳಗೆ ಕಣ್ಣು ಬಿಟ್ಟು ಕೆಲಸ ಮಾಡಲು ಕಲಿತದ್ದು ಅಲ್ಲಿಯೇ.

ಯಂತ್ರಗಳೆಂದರೆ ಜಾಕ್‌ಗೆ ಬಹಳ ಇಷ್ಟ. ಹದಿಮೂರನೆಯ ವಯಸ್ಸಿಗೇ ಒಂದು ಸಿನಿಮಾ ಕ್ಯಾಮೆರಾ ಕೊಂಡು, ಅದನ್ನು ಬಿಚ್ಚಿ ಜೋಡಿಸಿ, ತನ್ನದೇ ಚಿಕ್ಕ ಚಿತ್ರಗಳನ್ನು ತೆಗೆಯುತ್ತಿದ್ದ. ಶಾಲೆಯ ಪಾಠ ಮಾತ್ರ ಬೇಸರ. ಶಾಲೆಯ ಕಿಟಕಿ ಗಾಜುಗಳನ್ನು ಒಡೆದು ಒಮ್ಮೆ ಶಾಲೆಯಿಂದ ಹೊರಬಿದ್ದದ್ದೂ ಉಂಟು. ಆಮೇಲೆ ಶಿಸ್ತಿನ ವಸತಿ ಶಾಲೆಗೆ ಸೇರಿ ಚೆನ್ನಾಗಿ ಓದಿದ. 1930ರಲ್ಲಿ ಫ್ರಾನ್ಸಿನ ನೌಕಾದಳದ ಶಾಲೆಗೆ ಪ್ರವೇಶ ಸಿಕ್ಕಿತು.

ಅಪಘಾತ ತೋರಿಸಿದ ದಾರಿ

ನೌಕಾದಳ ಸೇರಿದರೂ ಕುಸ್ತೋ ಅವರಿಗೆ ವಿಮಾನ ಹಾರಿಸುವ ಆಸೆ. ಅದಕ್ಕಾಗಿ ತರಬೇತಿಯನ್ನೂ ಪಡೆಯುತ್ತಿದ್ದರು. 1936ರಲ್ಲಿ ಒಂದು ರಾತ್ರಿ ಬೆಟ್ಟದ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದಾಗ ಅಪಘಾತವಾಯಿತು. ಎರಡೂ ತೋಳುಗಳಿಗೆ ಭಾರಿ ಪೆಟ್ಟು. ಒಂದು ತೋಳನ್ನು ಕತ್ತರಿಸಬೇಕಾದೀತೆಂದು ವೈದ್ಯರು ಹೇಳಿದರು. ಕುಸ್ತೋ ಒಪ್ಪಲಿಲ್ಲ. ತಿಂಗಳುಗಟ್ಟಲೆ ವ್ಯಾಯಾಮ ಮಾಡಿ ಬೆರಳುಗಳಿಗೆ ಚಲನೆ ತಂದುಕೊಂಡರು. ವಿಮಾನದ ಕನಸು ಮಾತ್ರ ಮುಗಿಯಿತು.

ಅವರನ್ನು ತುಲೋನ್ ಎಂಬ ಬಂದರಿಗೆ ಕಳುಹಿಸಲಾಯಿತು. ಅಲ್ಲಿ ಗೆಳೆಯನಾದ ನೌಕಾಧಿಕಾರಿ ಫಿಲಿಪ್ ತಾಯೆ, ತೋಳುಗಳಿಗೆ ಬಲ ಬರಲು ಸಮುದ್ರದಲ್ಲಿ ಈಜು ಎಂದು ಸಲಹೆ ಕೊಟ್ಟರು. ನೀರಿನೊಳಗೆ ನೋಡಲು ಕನ್ನಡಕವನ್ನೂ ಕೊಟ್ಟರು. ಕುಸ್ತೋ ಅದನ್ನು ಧರಿಸಿ ನೀರಿಗೆ ಮುಖ ಇಟ್ಟರು. ಮೇಲೆ ಬಸ್ಸು, ರಸ್ತೆ, ಜನ. ಒಂದು ಗೇಣು ಕೆಳಗೆ ಪಾಚಿಯ ಕಾಡು, ಅದರ ನಡುವೆ ಮೀನುಗಳು! ಇನ್ನು ತಮ್ಮ ಬದುಕು ಸಮುದ್ರಕ್ಕೆ ಎಂದು ಅವರು ನಿಶ್ಚಯಿಸಿದರು. ತಾಯೆ, ಕುಸ್ತೋ ಮತ್ತು ಈಜುಗಾರ ಫ್ರೆಡರಿಕ್ ಡೂಮಾ ಮೂವರೂ ಆಮೇಲೆ ಬಿಡದ ಜೊತೆಗಾರರಾದರು.

ಉದ್ದನೆಯ ಕೊಳವೆ ಏಕೆ ಸಾಲದು?

ನೀವೇ ಯೋಚಿಸಿ. ಒಂದು ಉದ್ದನೆಯ ಕೊಳವೆಯ ತುದಿಯನ್ನು ನೀರಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಬಾಯಲ್ಲಿಟ್ಟುಕೊಂಡು ಆಳಕ್ಕೆ ಹೋಗಬಹುದಲ್ಲ? ಆಗುವುದಿಲ್ಲ. ಕಾರಣ ನೀರಿನ ಒತ್ತಡ.

ನೆಲದ ಮೇಲೆ ನಮ್ಮ ಸುತ್ತಲಿನ ಗಾಳಿ ನಮ್ಮನ್ನು ಒತ್ತುತ್ತದೆ. ಇದನ್ನು ಒಂದು ವಾಯುಮಂಡಲದ ಒತ್ತಡ ಎನ್ನುತ್ತೇವೆ. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ಇನ್ನೊಂದು ವಾಯುಮಂಡಲದಷ್ಟು ಒತ್ತಡ ಸೇರುತ್ತದೆ. 10 ಮೀಟರ್ ಆಳದಲ್ಲಿ ಎರಡು ಪಟ್ಟು, 20 ಮೀಟರ್ ಆಳದಲ್ಲಿ ಮೂರು ಪಟ್ಟು, 30 ಮೀಟರ್ ಆಳದಲ್ಲಿ ನಾಲ್ಕು ಪಟ್ಟು. ಒಂದೆರಡು ಮೀಟರ್ ಆಳದಲ್ಲೇ ನೀರು ಎದೆಯನ್ನು ಎಷ್ಟು ಒತ್ತುತ್ತದೆಂದರೆ, ಕೊಳವೆಯ ಮೂಲಕ ಮೇಲಿನ ಗಾಳಿಯನ್ನು ಒಳಗೆಳೆಯಲು ಎದೆಯ ಸ್ನಾಯುಗಳಿಗೆ ಶಕ್ತಿ ಸಾಲದು. ಇದನ್ನು ಹೊಳೆಯಲ್ಲಿ ಪರೀಕ್ಷಿಸಲು ಹೋಗಬೇಡಿ, ಅಪಾಯ!

ಹಾಗಾದರೆ ಮುಳುಗುವವನಿಗೆ ಬೇಕಾದ ಗಾಳಿ ಎಂಥದು? ಆತ ಎಷ್ಟು ಆಳದಲ್ಲಿದ್ದಾನೋ ಅಲ್ಲಿಯ ನೀರಿನಷ್ಟೇ ಒತ್ತಡ ಇರುವ ಗಾಳಿ. ಆಳ ಬದಲಾದಂತೆ ಗಾಳಿಯ ಒತ್ತಡವೂ ತಾನಾಗಿಯೇ ಬದಲಾಗಬೇಕು. ಸಿಲಿಂಡರಿನಲ್ಲಿ ಇರುವುದು ಬಹಳ ಹೆಚ್ಚು ಒತ್ತಡದ ಗಾಳಿ. ಇಂದಿನ ಸಿಲಿಂಡರಿನಲ್ಲಿ ಅದು ಸುಮಾರು 200 ವಾಯುಮಂಡಲದಷ್ಟು. ಅದನ್ನು ನೇರವಾಗಿ ಬಾಯಿಗೆ ಬಿಟ್ಟರೆ ಶ್ವಾಸಕೋಶ ಒಡೆದೇ ಹೋದೀತು.

ಕುಸ್ತೋ ಮೊದಲು ಶುದ್ಧ ಆಮ್ಲಜನಕದ ಉಪಕರಣ ಬಳಸಿ ನೋಡಿದರು. ಸುಮಾರು 14 ಮೀಟರ್ ಆಳಕ್ಕೆ ಹೋದಾಗ ಮೈ ಸೆಳೆತ ಬಂದು ಪ್ರಜ್ಞೆ ತಪ್ಪುವ ಸ್ಥಿತಿಯಾಯಿತು. ಹೇಗೋ ಮೇಲೆ ಬಂದು ಬದುಕಿದರು. ಇನ್ನೊಮ್ಮೆ ಪ್ರಯತ್ನಿಸಿದಾಗಲೂ ಹಾಗೆಯೇ ಆಯಿತು. ನಮ್ಮ ಪ್ರಾಣಕ್ಕೆ ಆಧಾರವಾದ ಆಮ್ಲಜನಕವೇ ಹೆಚ್ಚು ಒತ್ತಡದಲ್ಲಿ ವಿಷವಾಗುತ್ತದೆ ಎಂಬುದನ್ನು ಅವರು ತಮ್ಮ ದೇಹದಲ್ಲೇ ಅನುಭವಿಸಿದರು. ಆದ್ದರಿಂದ ಸಾಮಾನ್ಯ ಗಾಳಿಯನ್ನೇ ಬಳಸಬೇಕೆಂದು ತೀರ್ಮಾನಿಸಿದರು.

ಕಾರಿನ ಕವಾಟದಿಂದ ಹುಟ್ಟಿದ ಉಪಕರಣ

ಆಗ ಎರಡನೆಯ ಮಹಾಯುದ್ಧದ ಕಾಲ. ಫ್ರಾನ್ಸ್ ಶತ್ರುಗಳ ವಶದಲ್ಲಿತ್ತು. ಪೆಟ್ರೋಲ್ ಸಿಗುತ್ತಿರಲಿಲ್ಲ. ಕಾರುಗಳನ್ನು ಅನಿಲದಿಂದ ಓಡಿಸಲು ಎಮೀಲ್ ಗಾನ್ಯಾನ್ ಎಂಬ ಎಂಜಿನಿಯರ್ ಒಂದು ಕವಾಟವನ್ನು ತಯಾರಿಸಿದ್ದರು. ಎಂಜಿನ್ನಿಗೆ ಬೇಕಾದಾಗ ಬೇಕಾದಷ್ಟೇ ಅನಿಲವನ್ನು ಅದು ಬಿಡುತ್ತಿತ್ತು. ಗಾನ್ಯಾನ್ ಕೆಲಸ ಮಾಡುತ್ತಿದ್ದ ಕಂಪನಿಯಲ್ಲೇ ಕುಸ್ತೋ ಅವರ ಮಾವ, ಅಂದರೆ ಪತ್ನಿ ಸಿಮೋನ್ ಅವರ ತಂದೆ, ದೊಡ್ಡ ಹುದ್ದೆಯಲ್ಲಿದ್ದರು. ಹೀಗೆ ಇಬ್ಬರ ಭೇಟಿಯಾಯಿತು. ಎಂಜಿನ್ನಿಗೆ ಅನಿಲ ಕೊಡುವ ಕವಾಟ ಮನುಷ್ಯನಿಗೆ ಗಾಳಿ ಕೊಡಲಾರದೇ?

ಅವರು ಮಾಡಿದ ಸಾಧನದಲ್ಲಿ ಒಂದು ತೆಳುವಾದ ರಬ್ಬರ್ ಪರದೆ ಇತ್ತು. ಪರದೆಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗಾಳಿ. ಮುಳುಗಿದವನು ಉಸಿರೆಳೆದಾಗ ಗಾಳಿಯ ಬದಿಯ ಒತ್ತಡ ಕಡಿಮೆಯಾಗುತ್ತದೆ. ನೀರು ಪರದೆಯನ್ನು ಒಳಕ್ಕೆ ಒತ್ತುತ್ತದೆ. ಪರದೆ ಒಂದು ಸನ್ನೆಯನ್ನು ತಳ್ಳಿ ಕವಾಟ ತೆರೆಯುತ್ತದೆ. ಗಾಳಿ ಬರುತ್ತದೆ. ಎರಡೂ ಬದಿಯ ಒತ್ತಡ ಸಮವಾದ ಕೂಡಲೇ ಕವಾಟ ಮುಚ್ಚಿಕೊಳ್ಳುತ್ತದೆ. ಆಳ ಹೆಚ್ಚಾದರೆ ನೀರಿನ ಒತ್ತಡ ಹೆಚ್ಚು, ಬರುವ ಗಾಳಿಯ ಒತ್ತಡವೂ ಹೆಚ್ಚು. ಎಷ್ಟು ಸರಳ ಉಪಾಯ ನೋಡಿ!

1943ರಲ್ಲಿ ಮೊದಲ ಪರೀಕ್ಷೆ ನಡೆದದ್ದು ಸಮುದ್ರದಲ್ಲಿ ಅಲ್ಲ, ಪ್ಯಾರಿಸ್ ಹತ್ತಿರದ ಮಾರ್ನ್ ನದಿಯಲ್ಲಿ. ಅಡ್ಡಲಾಗಿ ಈಜುವಾಗ ಉಪಕರಣ ಚೆನ್ನಾಗಿ ಕೆಲಸ ಮಾಡಿತು. ನೆಟ್ಟಗೆ ನಿಂತಾಗ ಗಾಳಿ ತಾನಾಗಿಯೇ ಸೋರಿಹೋಯಿತು. ತಲೆಕೆಳಗಾದಾಗ ಉಸಿರೆಳೆಯುವುದೇ ಕಷ್ಟವಾಯಿತು. ಏಕೆ? ಬಿಟ್ಟ ಉಸಿರು ಹೊರಹೋಗುವ ಕವಾಟ ಒಂದು ಕಡೆ, ಗಾಳಿ ಕೊಡುವ ಪರದೆ ಇನ್ನೊಂದು ಕಡೆ ಇತ್ತು. ಎರಡರ ನಡುವೆ ಒಂದು ಗೇಣಿಗಿಂತ ಕಡಿಮೆ ಅಂತರ. ಅಷ್ಟು ಎತ್ತರದ ವ್ಯತ್ಯಾಸವೇ ಒತ್ತಡದ ವ್ಯತ್ಯಾಸ ತಂದಿತ್ತು. ಎರಡನ್ನೂ ಒಂದೇ ಕಡೆ ಇಟ್ಟಾಗ ದೋಷ ಹೋಯಿತು. ಅದೇ ವರ್ಷ ಜೂನ್ ತಿಂಗಳಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಕುಸ್ತೋ ಮೀನಿನಂತೆ ತಿರುಗಿದರು, ಪಲ್ಟಿ ಹೊಡೆದರು. ಈ ಉಪಕರಣಕ್ಕೆ ಅಕ್ವಾಲಂಗ್ ಎಂದು ಹೆಸರಾಯಿತು. ನೀರಿನ ಶ್ವಾಸಕೋಶ ಎಂದು ಅರ್ಥ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಸೂಜಿ ಇಲ್ಲದ 10 ಮಿ.ಲೀ. ಹೊಸ ಸಿರಿಂಜ್, ಮುಚ್ಚಳ ಬಿಗಿಯಾಗಿರುವ ಸೋಡಾ ಬಾಟಲಿ.

1. ಸಿರಿಂಜಿನ ದಟ್ಟವನ್ನು 10ರ ಗುರುತಿನವರೆಗೆ ಎಳೆಯಿರಿ. ತೂತನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ದಟ್ಟವನ್ನು ಒತ್ತಿರಿ. ಗಾಳಿ 5ರ ಗುರುತಿಗೆ ಬಂದಾಗ ಅದರ ಒತ್ತಡ ಎರಡು ಪಟ್ಟಾಗಿರುತ್ತದೆ. ಇದು 10 ಮೀಟರ್ ಆಳದ ಸ್ಥಿತಿ. ಬೆರಳು ತೆಗೆಯದೆ ದಟ್ಟವನ್ನು ಬಿಡಿ. ಗಾಳಿ ಮತ್ತೆ ಹಿಗ್ಗುತ್ತದೆ. ಆಳದಲ್ಲಿ ಎದೆ ತುಂಬ ಗಾಳಿ ಎಳೆದುಕೊಂಡು, ಉಸಿರು ಹಿಡಿದು ಮೇಲೆ ಬಂದರೆ ಶ್ವಾಸಕೋಶದ ಗತಿ ಏನಾದೀತು? ನೀವೇ ಹೇಳಿ.

2. ಸೋಡಾ ಬಾಟಲಿಯ ಮುಚ್ಚಳವನ್ನು ಬಹಳ ನಿಧಾನವಾಗಿ ತೆರೆಯಿರಿ. ಇನ್ನೊಂದು ಬಾಟಲಿಯನ್ನು ಒಮ್ಮೆಲೇ ತೆರೆಯಿರಿ. ಯಾವುದರಲ್ಲಿ ಗುಳ್ಳೆಗಳು ಜೋರಾಗಿ ಎದ್ದವು? ಆಳದಲ್ಲಿ ಉಸಿರಾಡಿದ ಸಾರಜನಕ ನಮ್ಮ ರಕ್ತದಲ್ಲಿ ಹೀಗೆಯೇ ಕರಗಿರುತ್ತದೆ. ಬೇಗ ಮೇಲೆ ಬಂದರೆ ಮೈಯೊಳಗೆ ಗುಳ್ಳೆಗಳೇಳುತ್ತವೆ. ಕೀಲು ನೋವಿನಿಂದ ಪಾರ್ಶ್ವವಾಯುವಿನವರೆಗೆ ತೊಂದರೆಯಾಗಬಹುದು.

ಬಾವಿಯಂಥ ಬುಗ್ಗೆಯಲ್ಲಿ

ಯುದ್ಧ ಮುಗಿದ ಮೇಲೆ, 1945ರಲ್ಲಿ, ತುಲೋನಿನಲ್ಲಿ ನೌಕಾದಳದ ಜಲಾಂತರ ಸಂಶೋಧನಾ ತಂಡ ಶುರುವಾಯಿತು. ತಾಯೆ, ಕುಸ್ತೋ ಮತ್ತು ಡೂಮಾ ಅದರಲ್ಲಿದ್ದರು. ಸಮುದ್ರದಲ್ಲಿ ಉಳಿದಿದ್ದ ಸಿಡಿಗುಂಡುಗಳನ್ನು ಹುಡುಕುವುದು, ಮುಳುಗಿದ ಹಡಗುಗಳನ್ನು ನೋಡುವುದು ಅವರ ಕೆಲಸ.

ಫ್ರಾನ್ಸಿನ ವೊಕ್ಲೂಸ್ ಎಂಬಲ್ಲಿ ಬೆಟ್ಟದ ಬುಡದಲ್ಲಿ ಒಂದು ದೊಡ್ಡ ಬುಗ್ಗೆ ಇದೆ. ವರ್ಷದ ಬಹುಕಾಲ ಶಾಂತವಾಗಿದ್ದು, ವಸಂತದಲ್ಲಿ ಒಮ್ಮೆಲೇ ಉಕ್ಕಿ ಹರಿಯುತ್ತದೆ. ಅದರ ಗುಟ್ಟು ತಿಳಿಯಲು 1946ರ ಆಗಸ್ಟ್‌ನಲ್ಲಿ ಕುಸ್ತೋ ಮತ್ತು ಡೂಮಾ ಅದರೊಳಗೆ ಇಳಿದರು. ಒಳಗೆ ಕಗ್ಗತ್ತಲೆ. ಕೈಯಲ್ಲಿ ಮೇಲಿನಿಂದ ಬಂದ ಒಂದು ಹಗ್ಗ. ಮೇಲೆ ಹಗ್ಗದ ತುದಿ ಹಿಡಿದು ನಿಂತವರು ತಂಡದ ಮೊರಿಸ್ ಫಾರ್ಗ್. ಎಷ್ಟು ಸಲ ಎಳೆದರೆ ಏನರ್ಥ ಎಂದು ಮೊದಲೇ ಮಾತಾಗಿತ್ತು.

ಸುಮಾರು 45 ಮೀಟರ್ ಆಳದಲ್ಲಿ ಇಬ್ಬರಿಗೂ ತಲೆ ಸುತ್ತತೊಡಗಿತು. ಬುದ್ಧಿ ಮಂಕಾಯಿತು. ಡೂಮಾ ಪ್ರಜ್ಞೆ ತಪ್ಪುವ ಹಂತದಲ್ಲಿದ್ದರು. ಕುಸ್ತೋ ಹಗ್ಗ ಎಳೆದು ಸನ್ನೆ ಮಾಡಿದರು. ಆದರೆ ಮೇಲಿದ್ದ ಫಾರ್ಗ್‌ಗೆ ಅದು ಬೇರೆಯಾಗಿ ತಿಳಿಯಿತು. ಇನ್ನಷ್ಟು ಹಗ್ಗ ಬೇಕೆಂದು ಭಾವಿಸಿ ಅವರು ಹಗ್ಗ ಬಿಡುತ್ತಲೇ ಹೋದರು! ಕುಸ್ತೋ ಹಿಡಿದೆಳೆದಂತೆಲ್ಲ ಹಗ್ಗ ಸಡಿಲವಾಗಿ ಕೈಗೆ ಬರುತ್ತಿತ್ತು. ಕೊನೆಗೆ ಏನೋ ಅನಾಹುತವಾಗಿದೆ ಎಂದು ಊಹಿಸಿದ ಫಾರ್ಗ್ ಭರದಿಂದ ಹಗ್ಗ ಮೇಲೆಳೆದರು. ಇಬ್ಬರೂ ಬದುಕಿದರು.

ಬಳಿಕ ಸಿಲಿಂಡರಿನ ಗಾಳಿಯನ್ನು ಪರೀಕ್ಷಿಸಿದಾಗ ಕಾರಣ ಗೊತ್ತಾಯಿತು. ಗಾಳಿ ತುಂಬುವ ಯಂತ್ರ ತನ್ನದೇ ಹೊಗೆಯನ್ನು ಒಳಗೆಳೆದುಕೊಂಡು ಸಿಲಿಂಡರಿಗೆ ತುಂಬಿತ್ತು. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಫಾರ್ಗ್ ಮರಳಿ ಬರಲಿಲ್ಲ

ಮರುವರ್ಷ, 1947ರಲ್ಲಿ, ಸಾಮಾನ್ಯ ಗಾಳಿ ಉಸಿರಾಡುತ್ತ ಎಷ್ಟು ಆಳಕ್ಕೆ ಹೋಗಬಹುದು ಎಂದು ತಂಡ ಪರೀಕ್ಷೆ ನಡೆಸಿತು. ಉದ್ದನೆಯ ಹಗ್ಗಕ್ಕೆ ಅಲ್ಲಲ್ಲಿ ಹಲಗೆಗಳನ್ನು ಕಟ್ಟಿದ್ದರು. ಮುಳುಗಿದವರು ತಾವು ಮುಟ್ಟಿದ ಹಲಗೆಯ ಮೇಲೆ ಗುರುತು ಬರೆದು ಬರಬೇಕು. ಆಳಕ್ಕೆ ಹೋದಂತೆ ಸಾರಜನಕ ಮೆದುಳಿಗೆ ಅಮಲು ತರುತ್ತದೆ. ಸುಮಾರು 30 ಮೀಟರ್ ದಾಟಿದ ಮೇಲೆ ಇದು ಕಾಣತೊಡಗುತ್ತದೆ. ಅಮಲೇರಿದವನಿಗೆ ಭಯವೇ ಆಗುವುದಿಲ್ಲ, ಎಚ್ಚರಿಕೆಯೂ ಇರುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ಒಂದು ದಿನ ಮೊರಿಸ್ ಫಾರ್ಗ್ ಇಳಿದರು. ಎಲ್ಲ ಸರಿ ಎಂಬ ಸನ್ನೆ ಹಗ್ಗದ ಮೂಲಕ ಬರುತ್ತಿತ್ತು. ಒಮ್ಮೆಲೇ ಸನ್ನೆ ನಿಂತಿತು. ಎಳೆದು ಮೇಲೆ ತಂದಾಗ ಉಸಿರಾಟದ ಕೊಳವೆ ಬಾಯಿಂದ ಕಳಚಿತ್ತು. ಗಂಟೆಗಟ್ಟಲೆ ಪ್ರಯತ್ನಿಸಿದರೂ ಜೀವ ಬರಲಿಲ್ಲ. ಸುಮಾರು 120 ಮೀಟರ್ ಆಳದ ಹಲಗೆಯ ಮೇಲೆ ಅವರ ಬರಹವಿತ್ತು. ಹಿಂದಿನ ವರ್ಷ ಕುಸ್ತೋ ಮತ್ತು ಡೂಮಾ ಅವರ ಜೀವ ಉಳಿಸಿದ್ದವರು ಅವರೇ. ತಂಡ ಪರೀಕ್ಷೆಯನ್ನು ನಿಲ್ಲಿಸಿ ಆಳಕ್ಕೆ ಮಿತಿ ಹಾಕಿಕೊಂಡಿತು.

ಇಂದು ಸ್ಕೂಬಾ ಕಲಿಯುವ ಪ್ರತಿಯೊಬ್ಬರಿಗೂ ಕೆಲವು ನಿಯಮಗಳನ್ನು ಹೇಳಿಕೊಡುತ್ತಾರೆ. ಒಬ್ಬರೇ ಇಳಿಯಬಾರದು. ಕೈಸನ್ನೆಗಳನ್ನು ಮೊದಲೇ ಕಲಿಯಬೇಕು. ಸಿಲಿಂಡರಿನ ಗಾಳಿ ಶುದ್ಧವಾಗಿರಬೇಕು. ಉಸಿರು ಹಿಡಿಯಬಾರದು. ನಿಧಾನವಾಗಿ ಏರಬೇಕು, 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು. ಹೊಸಬರು 18 ಮೀಟರ್‌ಗಿಂತ ಕೆಳಗೆ ಹೋಗಬಾರದು. ಹವ್ಯಾಸಕ್ಕಾಗಿ ಮುಳುಗುವವರು ಯಾರೂ 40 ಮೀಟರ್ ದಾಟಬಾರದು. ಮೇಲಿನ ಘಟನೆಗಳನ್ನು ಮತ್ತೆ ಓದಿ. ಯಾವ ನಿಯಮದ ಹಿಂದೆ ಯಾವ ಘಟನೆ ಇದೆ ಎಂದು ನೀವೇ ಹೇಳಬಲ್ಲಿರಿ.

ಕ್ಯಾಲಿಪ್ಸೊ ಹಡಗು

1950ರಲ್ಲಿ ಕುಸ್ತೋ ಅವರಿಗೆ ಒಂದು ಹಳೆಯ ಹಡಗು ದೊರೆಯಿತು. ಯುದ್ಧಕಾಲದಲ್ಲಿ ಸಮುದ್ರದ ಸಿಡಿಗುಂಡು ತೆಗೆಯುತ್ತಿದ್ದ ಹಡಗು ಅದು. ಧನಿಕರೊಬ್ಬರು ಅದನ್ನು ಕೊಂಡು ವರ್ಷಕ್ಕೆ ಕೇವಲ ಒಂದು ಫ್ರಾಂಕ್ ಬಾಡಿಗೆಗೆ ಕೊಟ್ಟರು. ಕ್ಯಾಲಿಪ್ಸೊ ಎಂಬ ಆ ಹಡಗು ಸಂಶೋಧನಾಲಯವೂ ಆಯಿತು, ಮನೆಯೂ ಆಯಿತು. ಪತ್ನಿ ಸಿಮೋನ್ ವರ್ಷಗಟ್ಟಲೆ ಅದರಲ್ಲೇ ಇದ್ದು ಎಲ್ಲರ ಯೋಗಕ್ಷೇಮ ನೋಡಿಕೊಂಡರು.

1953ರಲ್ಲಿ ಕುಸ್ತೋ ಮತ್ತು ಡೂಮಾ ಬರೆದ ಮೌನ ಜಗತ್ತು ಎಂಬ ಅರ್ಥದ ಪುಸ್ತಕ ಪ್ರಕಟವಾಯಿತು. 1956ರಲ್ಲಿ ಅದೇ ಹೆಸರಿನ ಚಲನಚಿತ್ರ ಬಂತು. ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯೂ ಆಮೇಲೆ ಆಸ್ಕರ್ ಪ್ರಶಸ್ತಿಯೂ ಅದಕ್ಕೆ ಸಂದವು. ಸಮುದ್ರವನ್ನೇ ಕಾಣದ ಕೋಟ್ಯಂತರ ಜನ ಅದರ ಒಳಗನ್ನು ಕಂಡರು.

ಆ ಚಿತ್ರದಲ್ಲಿ ಇಂದು ನೋಡಲು ಬೇಸರವಾಗುವ ದೃಶ್ಯಗಳೂ ಇವೆ. ಮೀನುಗಳನ್ನು ಎಣಿಸಲು ಹವಳದ ದಿಬ್ಬದ ಹತ್ತಿರ ಸಿಡಿಮದ್ದು ಸಿಡಿಸಿದ್ದರು. ತಂಡದವರು ಶಾರ್ಕ್‌ಗಳನ್ನು ಕೊಂದರು. ವರ್ಷಗಳು ಕಳೆದಂತೆ ಕುಸ್ತೋ ಅವರ ನಡೆ ಬದಲಾಯಿತು. ತಾವು ಮೊದಲು ಕಂಡ ಜಾಗಗಳಿಗೆ ಮತ್ತೆ ಹೋದಾಗ ಅಲ್ಲಿ ಮೀನು ಕಡಿಮೆಯಾಗಿದ್ದನ್ನು, ಕಸ ಹೆಚ್ಚಾಗಿದ್ದನ್ನು ಕಂಡರು. 1960ರಲ್ಲಿ ಪರಮಾಣು ತ್ಯಾಜ್ಯವನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಸುರಿಯುವ ಯೋಜನೆಯನ್ನು ಬಹಿರಂಗವಾಗಿ ವಿರೋಧಿಸಿದರು. 1973ರಲ್ಲಿ ಸಮುದ್ರದ ರಕ್ಷಣೆಗಾಗಿ ಸಂಸ್ಥೆಯೊಂದನ್ನು ಕಟ್ಟಿದರು. ಅಂಟಾರ್ಕ್ಟಿಕಾದಲ್ಲಿ ಗಣಿಗಾರಿಕೆ ಬೇಡವೆಂದು ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. 1991ರಲ್ಲಿ ಗಣಿಗಾರಿಕೆಯನ್ನು ನಿಷೇಧಿಸುವ ಒಪ್ಪಂದಕ್ಕೆ ದೇಶಗಳು ಸಹಿ ಹಾಕಿದವು.

ಕೊನೆಯ ವರ್ಷಗಳಲ್ಲಿ ದುಃಖವೂ ಬಂತು. 1979ರಲ್ಲಿ ಕಿರಿಯ ಮಗ ಫಿಲಿಪ್ ವಿಮಾನ ಅಪಘಾತದಲ್ಲಿ ತೀರಿಕೊಂಡ. 1990ರಲ್ಲಿ ಸಿಮೋನ್ ಅಗಲಿದರು. 1996ರಲ್ಲಿ ಸಿಂಗಪುರದ ಬಂದರಿನಲ್ಲಿ ಬಾರ್ಜ್ ಒಂದು ಡಿಕ್ಕಿ ಹೊಡೆದು ಕ್ಯಾಲಿಪ್ಸೊ ಮುಳುಗಿತು. ಅದನ್ನು ಮೇಲೆತ್ತಲಾಯಿತು. 1997ರ ಜೂನ್ 25ರಂದು ಕುಸ್ತೋ ತಮ್ಮ 87ನೆಯ ವಯಸ್ಸಿನಲ್ಲಿ ನಿಧನರಾದರು. ಹುಟ್ಟಿದ ಊರಿನಲ್ಲೇ ಅವರ ಸಮಾಧಿ ಇದೆ.

ಕಲಿಸುವವರಿಗೂ ಪರೀಕ್ಷೆ

ಅಕ್ವಾಲಂಗ್ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದಾಗ ಹೊಸ ಸಮಸ್ಯೆ ಎದುರಾಯಿತು. ಹಣ ಇದ್ದವರು ಯಾರು ಬೇಕಾದರೂ ಕೊಳ್ಳಬಹುದಿತ್ತು. ಉಸಿರು ಹಿಡಿದು ಮೇಲೇರಬಾರದು ಎಂಬ ಒಂದು ನಿಯಮ ಗೊತ್ತಿಲ್ಲದಿದ್ದರೂ ಸಾವು ಬರಬಹುದಿತ್ತು. ಹಾಗಾಗಿ ಕಲಿಸುವ ಸಂಘಗಳು ಹುಟ್ಟಿದವು. ಬ್ರಿಟನ್ನಿನಲ್ಲಿ 1953ರಲ್ಲಿ ಬಿಸ್ಯಾಕ್ ಎಂಬ ಸಂಘ ಶುರುವಾಯಿತು. 1959ರಲ್ಲಿ ಮೊನಾಕೊದಲ್ಲಿ ಹಲವು ದೇಶಗಳ ಸಂಘಗಳು ಸೇರಿ ಸಿಎಂಎಎಸ್ ಎಂಬ ಜಾಗತಿಕ ಒಕ್ಕೂಟವನ್ನು ಕಟ್ಟಿದವು. ಅದರ ಮೊದಲ ಅಧ್ಯಕ್ಷರು ಕುಸ್ತೋ ಅವರೇ. ಅಮೆರಿಕದಲ್ಲಿ 1960ರಲ್ಲಿ ನೌಯಿ, 1966ರಲ್ಲಿ ಪ್ಯಾಡಿ, 1970ರಲ್ಲಿ ಎಸ್‌ಎಸ್‌ಐ ಬಂದವು. ಇವು ಕಲಿತವರಿಗೆ ಪ್ರಮಾಣಪತ್ರ ಕೊಡುತ್ತವೆ. ಕಲಿಸುವವರಿಗೂ ಪರೀಕ್ಷೆ ಇಟ್ಟು ಬೋಧಕರ ಪ್ರಮಾಣಪತ್ರ ಕೊಡುತ್ತವೆ. ವಾಹನ ಓಡಿಸಲು ಲೈಸೆನ್ಸ್ ಇದ್ದ ಹಾಗೆ ಎಂದು ತಿಳಿಯಿರಿ. ಆದರೆ ಇದನ್ನು ಕೊಡುವುದು ಸರ್ಕಾರ ಅಲ್ಲ, ಸಂಘಗಳು.

ಇದು ದೂರದ ದೇಶದ ಮಾತು ಎನ್ನಬೇಡಿ. ನಮ್ಮ ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ಎಂಬ ದ್ವೀಪ ಇದೆ. ಅದರ ಸುತ್ತ ಹವಳಗಳೂ ಬಣ್ಣದ ಮೀನುಗಳೂ ಇವೆ. ಅಲ್ಲಿ ಪ್ರವಾಸಿಗರಿಗೆ ಸ್ಕೂಬಾ ಮಾಡಿಸುತ್ತಾರೆ, ಕಲಿಸುತ್ತಾರೆ. ಕೃಷ್ಣೆಯಲ್ಲಿ ಈಸು ಕಲಿತ ಹುಡುಗನೋ ಹುಡುಗಿಯೋ ಮುಂದೆ ಅಲ್ಲಿ ಬೋಧಕರಾಗಬಾರದೇಕೆ?

ಸಂಘವನ್ನು ಆರಿಸುವುದು ಹೇಗೆ?

ಬೋಧಕರಾಗಲು ಒಂದೇ ಜಿಗಿತಕ್ಕೆ ಆಗುವುದಿಲ್ಲ. ಪ್ಯಾಡಿಯ ನಿಯಮವನ್ನೇ ನೋಡಿ. ಮೊದಲ ಹಂತವನ್ನು 10 ವರ್ಷದವರೂ ಕಲಿಯಬಹುದು. ಆಮೇಲೆ ಮುಂದುವರಿದ ಹಂತ, ರಕ್ಷಣೆಯ ಹಂತ, ತಂಡ ನಡೆಸುವ ಹಂತ. ಬೋಧಕರಾಗಲು 18 ವರ್ಷ ತುಂಬಿರಬೇಕು. 100 ಸಲ ಮುಳುಗಿದ ದಾಖಲೆ ಇರಬೇಕು. ವೈದ್ಯರ ಪ್ರಮಾಣಪತ್ರ ಮತ್ತು ಪ್ರಥಮ ಚಿಕಿತ್ಸೆಯ ತರಬೇತಿ ಬೇಕು. ಕೊನೆಗೆ, ತರಬೇತಿ ಕೊಟ್ಟವರ ಬದಲು ಬೇರೆ ಪರೀಕ್ಷಕರು ಬಂದು ಪರೀಕ್ಷೆ ಮಾಡುತ್ತಾರೆ.

ಯಾವ ಸಂಘ ಒಳ್ಳೆಯದು ಎಂದು ಕೇಳುವಿರಾ? ನೀರಿನ ಒತ್ತಡ ಎಲ್ಲ ಸಂಘಗಳಿಗೂ ಒಂದೇ. ಸಾರಜನಕವೂ ಒಂದೇ. ಆದ್ದರಿಂದ ಪಾಠದ ತಿರುಳು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಬೇರೆ ಕಡೆ ಇದೆ. ಹೀಗೆ ವಿಚಾರಿಸಬೇಕು:

1. ಆ ಸಂಘದ ಬೋಧಕರ ತರಬೇತಿ ಐಎಸ್‌ಒ 24802 ಎಂಬ ಅಂತರರಾಷ್ಟ್ರೀಯ ಮಾನಕಕ್ಕೆ ಹೊಂದುತ್ತದೆಯೇ?

2. ನೀವು ಕೆಲಸ ಮಾಡಬೇಕೆಂದಿರುವ ಕಡೆ ಯಾವ ಪ್ರಮಾಣಪತ್ರಕ್ಕೆ ಮನ್ನಣೆ ಇದೆ? ನಮ್ಮ ದೇಶದ ಕೇಂದ್ರಗಳಲ್ಲಿ ಪ್ಯಾಡಿ ಮತ್ತು ಎಸ್‌ಎಸ್‌ಐ ಹೆಸರು ಹೆಚ್ಚಾಗಿ ಕಾಣುತ್ತದೆ.

3. ಸ್ವತಂತ್ರವಾಗಿ ಕಲಿಸಬಹುದೇ? ಪ್ಯಾಡಿಯ ಬೋಧಕರು ಹಾಗೆ ಕಲಿಸಬಹುದು. ಎಸ್‌ಎಸ್‌ಐನವರು ಅದರ ತರಬೇತಿ ಕೇಂದ್ರವೊಂದಕ್ಕೆ ಸೇರಿ ಕಲಿಸಬೇಕು. ಸಿಎಂಎಎಸ್ ಮತ್ತು ಬಿಸ್ಯಾಕ್‌ನಲ್ಲಿ ಕ್ಲಬ್ಬುಗಳ ಮೂಲಕ ಕಲಿಸುವ ಪದ್ಧತಿ ಹೆಚ್ಚು.

4. ಒಟ್ಟು ಖರ್ಚು ಎಷ್ಟು? ತರಬೇತಿಯ ಶುಲ್ಕವಷ್ಟೇ ಸಾಲದು. ಪರೀಕ್ಷೆ, ಪುಸ್ತಕ, ಸಲಕರಣೆ ಮತ್ತು ಪ್ರತಿ ವರ್ಷ ಕಟ್ಟಬೇಕಾದ ಸದಸ್ಯತ್ವದ ಹಣವನ್ನೂ ಸೇರಿಸಿ ಲೆಕ್ಕ ಹಾಕಬೇಕು.

5. ಕಲಿಸುವ ಗುರು ಯಾರು? ಒಬ್ಬರು ಎಷ್ಟು ಮಂದಿಯನ್ನು ನೀರಿಗೆ ಕರೆದೊಯ್ಯುತ್ತಾರೆ? ಗಾಳಿ ತುಂಬುವ ಯಂತ್ರವನ್ನು ಎಲ್ಲಿ ಇಟ್ಟಿದ್ದಾರೆ? ಕೈಸನ್ನೆ ತಪ್ಪಿದ ವಿದ್ಯಾರ್ಥಿಗೆ ಮತ್ತೆ ಕಲಿಸುತ್ತಾರೆಯೇ, ಅಥವಾ ಅವಸರದಲ್ಲಿ ಮುಂದೆ ಹೋಗುತ್ತಾರೆಯೇ?

ಐದರಲ್ಲಿ ಕೊನೆಯದೇ ಮುಖ್ಯ. ವೊಕ್ಲೂಸ್ ಬುಗ್ಗೆಯಲ್ಲಿ ಹೊಗೆ ತುಂಬಿದ ಗಾಳಿಯೂ ತಪ್ಪಿದ ಸನ್ನೆಯೂ ಸೇರಿ ಇಬ್ಬರ ಪ್ರಾಣಕ್ಕೆ ಕುತ್ತು ತಂದದ್ದನ್ನು ನೀವು ಓದಿದ್ದೀರಿ. ಅಂದು ಅವರಿಗೆ ಹೇಳಿಕೊಡುವ ಗುರುಗಳೇ ಇರಲಿಲ್ಲ. ಇಂದು ಇದ್ದಾರೆ. ಮುಂದೆ ನೀವು ಬೋಧಕರಾದರೆ, ನಿಮ್ಮ ಮಾತನ್ನು ನಂಬಿ ಇನ್ನೊಬ್ಬರು ನೀರಿಗೆ ಇಳಿಯುತ್ತಾರೆ.

ಎಚ್ಚರಿಕೆ: ಹೊಳೆ, ಬಾವಿ, ಕೆರೆ, ಕಲ್ಲುಗಣಿಯ ಹೊಂಡಗಳಿಗೆ ಒಬ್ಬರೇ ಇಳಿಯಬೇಡಿ. ಯಾರು ಹೆಚ್ಚು ಹೊತ್ತು ಉಸಿರು ಹಿಡಿಯುತ್ತಾರೆ ಎಂಬ ಪಂದ್ಯ ನೀರಿನಲ್ಲಿ ಬೇಡ. ಈಸು ಕಲಿಯುವಾಗ ಈಸು ಬಲ್ಲ ದೊಡ್ಡವರು ಜೊತೆಗಿರಲಿ.

ಉತ್ತರಿಸಿ

1. 30 ಮೀಟರ್ ಆಳದಲ್ಲಿ ಒತ್ತಡ ಎಷ್ಟು ವಾಯುಮಂಡಲ? ಮೇಲೆ 8 ಲೀಟರ್ ಇದ್ದ ಬಲೂನಿನ ಗಾಳಿ ಅಲ್ಲಿ ಎಷ್ಟು ಲೀಟರ್ ಆಗುತ್ತದೆ?

2. ಮಾರ್ನ್ ನದಿಯ ಪರೀಕ್ಷೆಯಲ್ಲಿ ಕಂಡ ದೋಷ ಯಾವುದು? ಅದನ್ನು ಹೇಗೆ ಸರಿಪಡಿಸಿದರು?

3. ನಿಮ್ಮ ಊರಿನ ಹುಡುಗರಿಗೆ ಈಸು ಕಲಿಸಲು ಐದು ಸುರಕ್ಷತಾ ನಿಯಮಗಳನ್ನು ಬರೆಯಿರಿ. ಪ್ರತಿ ನಿಯಮಕ್ಕೂ ಕಾರಣ ಬರೆಯಿರಿ. ಗೋಡೆಪತ್ರಿಕೆಯಲ್ಲಿ ಹಾಕಿ.